ನಾನು ಆರಿಸಿದ ರೈಟ್ ಔಟ್

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಒಂದು ದೇಶದ ಫುಟ್‌ಬಾಲ್ ತಂಡಕ್ಕೆ ಆಟಗಾರನನ್ನು ಆರಿಸಿದವನು ಯಾರಾದರೂ ಇದ್ದರೆ ಅದು ನಾನೊಬ್ಬನೇ. ಹೀಗೆಂದರೆ ನಮ್ಮ ಕಡೆಯವರು ನಗುತ್ತಾರೆ. ನಗಲಿ. ಹೊಗೆಸೊಪ್ಪು ಬೆಳೆಯುವವನಿಗೂ ದೇಶದ ಟೀಮಿಗೂ ಎಲ್ಲಿಯ ಸಂಬಂಧ ಎಂದು ಅವರಿಗೆ ಅನ್ನಿಸುವುದು ಸಹಜ. ಆದರೆ ನಾನು ಆರಿಸಿದ್ದು ನಿಜ, ಸರಿಯಾಗಿ ಆರಿಸಿದ್ದೂ ನಿಜ. ಇವತ್ತು ಮತ್ತೆ ಕೇಳಿದರೂ ಅದೇ ಹುಡುಗನ ಕಡೆ ಬೆರಳು ತೋರಿಸುತ್ತೇನೆ.

ಯಾವ ದೇಶ ಎನ್ನುವುದು ನಕ್ಕು ಮುಗಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಹಾರನಹಳ್ಳಿ ಹೋಬಳಿಯ ಹೊಲಗಳ ಆಚೆ ಟಿಬೆಟಿಯನ್ನರ ಕ್ಯಾಂಪುಗಳಿವೆ. ನಾನು ಹುಟ್ಟುವುದಕ್ಕೆ ಮೊದಲೇ ಅವರು ಬಂದು ಕಾಡು ಕಡಿದು ಜೋಳ ಬಿತ್ತಿದ್ದರು. ಅವರ ಮಕ್ಕಳು ಇಲ್ಲೇ ಹುಟ್ಟಿ, ನಮ್ಮ ಜೊತೆ ಸಂತೆಯಲ್ಲಿ ಚೌಕಾಸಿ ಮಾಡಿ, ನಮಗಿಂತ ಚೆನ್ನಾಗಿ ನಮ್ಮ ಮಾತಿನಲ್ಲೇ ಬೈಯುವುದನ್ನು ಕಲಿತಿದ್ದರು. ನಮ್ಮೂರಿನ ಹುಡುಗರೆಲ್ಲ ಕ್ರಿಕೆಟ್ಟಿನ ಹಿಂದೆ ಬಿದ್ದಿದ್ದರೆ ಕ್ಯಾಂಪಿನವರಿಗೆ ಫುಟ್‌ಬಾಲೇ ಪ್ರಾಣ. ಹುಣಸೂರಿನ ಕಾಲೇಜಿನಲ್ಲಿ ಮೂರು ವರ್ಷ ಪಾಠಕ್ಕಿಂತ ಹೆಚ್ಚಾಗಿ ಫುಟ್‌ಬಾಲ್ ಕಲಿತು ಊರಿಗೆ ಮರಳಿದ್ದ ನನಗೆ ಆಡಲು ಬೇರೆ ದಿಕ್ಕಿರಲಿಲ್ಲ. ಹಾಗಾಗಿ ತೊಂಬತ್ತರ ದಶಕದುದ್ದಕ್ಕೂ ಭಾನುವಾರ ಬಂತೆಂದರೆ ನಾನು ಕ್ಯಾಂಪಿನ ಮೈದಾನದಲ್ಲಿರುತ್ತಿದ್ದೆ.

ನಮ್ಮದು ಹರಕು ಮುರುಕು ಟೀಮು. ಹುಣಸೂರಿನ ಹೊಗೆಸೊಪ್ಪಿನ ಮಂಡಿಯಲ್ಲಿ ಬೇಲು ಹೊರುವ ಇಬ್ಬರು, ಪಿರಿಯಾಪಟ್ಟಣದ ಕರೆಂಟ್ ಆಫೀಸಿನ ಒಂದಿಬ್ಬರು ಲೈನ್‌ಮನ್‌ಗಳು, ಗೋಲು ಕಾಯುವ ಗೋಲಿಯಾಗಿ ಬೈಲಕುಪ್ಪೆಯ ಬೇಕರಿಯ ಮಲಯಾಳಿ. ನಾನು ಲೆಫ್ಟ್ ಬ್ಯಾಕ್. ಎಂದರೆ ಎದುರಾಳಿಯ ರೈಟ್ ಔಟನ್ನು, ಬಲಬದಿಯ ಗೆರೆ ಹಿಡಿದು ಓಡಿ ಬರುವವನನ್ನು, ತಡೆಯುವುದು ನನ್ನ ಕೆಲಸ. ಒಳ್ಳೆಯ ಬ್ಯಾಕ್ ಆಗಿದ್ದೆ ಎಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆ ಯಾರೂ ಹೇಳುವುದಿಲ್ಲವಲ್ಲ.

ಕ್ಯಾಂಪುಗಳೆಲ್ಲ ಸೇರಿ ಕಟ್ಟಿದ ಟೀಮಿನಲ್ಲಿ ಇಬ್ಬರು ರೈಟ್ ಔಟುಗಳಿದ್ದರು. ಒಂದು ಭಾನುವಾರ ಒಬ್ಬ ಆಡಿದರೆ ಇನ್ನೊಂದು ಭಾನುವಾರ ಇನ್ನೊಬ್ಬ.

ಮೊದಲನೆಯವನ ಜೋಳದ ಹೊಲ ನಮ್ಮ ಹೊಗೆಸೊಪ್ಪಿನ ಹೊಲಕ್ಕೆ ತಾಗಿಕೊಂಡಿತ್ತು. ನಡುವೆ ಒಂದು ಬದು ಅಷ್ಟೇ. ನನಗಿಂತ ಏಳೆಂಟು ವರ್ಷ ಚಿಕ್ಕವನು. ಕಾಡುಹಂದಿ ಕಾಯಲು ಅವನು ಅಟ್ಟಣೆ ಹಾಕಿದರೆ ನಾನು ಹಗ್ಗ ಕೊಡುತ್ತಿದ್ದೆ, ನನ್ನ ಪಂಪು ಕೆಟ್ಟರೆ ಅವನ ನೀರು ನನ್ನ ಮಡಿಗೆ ಹರಿಯುತ್ತಿತ್ತು. ನಮ್ಮ ಮನೆಯ ಮುದ್ದೆ ಉಪ್ಪೆಸರು ಉಂಡೇ ಬೆಳೆದವನು. ನನ್ನವ್ವ ಅವನ ತಟ್ಟೆಗೆ ನನಗಿಂತ ದೊಡ್ಡ ಮುದ್ದೆ ಇಡುತ್ತಿದ್ದಳು. ಇವನನ್ನು ನಾನು ಜೋಳದವನು ಎನ್ನುತ್ತೇನೆ.

ಇನ್ನೊಬ್ಬ ಬೇರೆ ಕ್ಯಾಂಪಿನವನು. ಚಳಿಗಾಲ ಬಂದರೆ ಅವನ ತಾಯಿ ಸ್ವೆಟರಿನ ಮೂಟೆ ಕಟ್ಟಿಕೊಂಡು ದೂರದ ಊರುಗಳಿಗೆ ಹೋಗಿ ರಸ್ತೆ ಬದಿಯಲ್ಲಿ ಅಂಗಡಿ ಹಾಕುತ್ತಿದ್ದಳು. ಇವನೂ ಜೊತೆಗೆ ಹೋಗಿ ಮೂರು ತಿಂಗಳು ಸ್ಟೂಲಿನ ಮೇಲೆ ಕೂತು, ಹೊಟ್ಟೆ ಬೆಳೆಸಿಕೊಂಡು ವಾಪಸು ಬರುತ್ತಿದ್ದ. ಬಂದ ಮೇಲೆ ಅವನಲ್ಲಿ ಓಡುವ ಉಸಿರಿರುತ್ತಿರಲಿಲ್ಲ. ಮಾತು ಕಡಿಮೆ. ಇವನು ಸ್ವೆಟರಿನವನು.

ಇಬ್ಬರ ಆಟಕ್ಕೂ ಅಜಗಜಾಂತರ. ಜೋಳದವನ ಕಾಲಿಗೆ ಚೆಂಡು ಸಿಕ್ಕರೆ ನೇರ ನನ್ನ ಮೇಲೆಯೇ ಬರುತ್ತಿದ್ದ. ಎಡಕ್ಕೆ ಬಾಗಿದ ಹಾಗೆ ಮಾಡಿ ಬಲಕ್ಕೆ ಚಿಮ್ಮುತ್ತಿದ್ದ. ನಾನು ಬಿದ್ದು ಎದ್ದು ಹಿಂದೆ ಓಡಿದರೆ ನಿಂತು ಕಾಯ್ದು, ಇನ್ನೊಂದು ಸಲ ದಾಟುತ್ತಿದ್ದ. ಮೈದಾನದ ಸುತ್ತ ಕೂತ ಮುದುಕಿಯರು ಕೈಯಲ್ಲಿದ್ದ ಜಪಮಣಿ ನಿಲ್ಲಿಸಿ ನಗುತ್ತಿದ್ದರು. ಸೋಮವಾರ ಬೆಳಗ್ಗೆ ಹೊಗೆಸೊಪ್ಪು ಮುರಿಯಲು ಬಗ್ಗಿದರೆ ನನ್ನ ಸೊಂಟಕ್ಕೆ ಅವನ ನೆನಪಾಗುತ್ತಿತ್ತು. ಸ್ವೆಟರಿನವನು ಆಡಿದ ಭಾನುವಾರ ಮಾತ್ರ ನನಗೆ ರಜೆ ಸಿಕ್ಕಂತೆ. ಅವನು ನನ್ನ ಹತ್ತಿರ ಬರುತ್ತಲೇ ಇರಲಿಲ್ಲ. ನಾನು ಮುಟ್ಟುವಷ್ಟರಲ್ಲಿ ಚೆಂಡು ಅವನ ಕಾಲು ಬಿಟ್ಟಿರುತ್ತಿತ್ತು. ಮನೆಗೆ ಬಂದು, ಇವತ್ತು ಅವನನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ ಎಂದು ಜಂಬ ಕೊಚ್ಚುತ್ತಿದ್ದೆ.

ಎರಡು ಸಾವಿರದ ಇಸವಿ ಆಚೀಚೆ ಇರಬೇಕು. ಟಿಬೆಟಿಯನ್ನರು ತಮ್ಮದೇ ಒಂದು ದೇಶದ ಟೀಮು ಕಟ್ಟುತ್ತಿದ್ದಾರೆ, ಬೇರೆ ಬೇರೆ ಕಡೆಯ ಕ್ಯಾಂಪುಗಳಿಂದ ಹುಡುಗರನ್ನು ಕೂಡಿಸುತ್ತಿದ್ದಾರೆ, ದೂರದ ಯಾವುದೋ ದೇಶಕ್ಕೆ ಹೋಗಿ ಒಂದು ಮ್ಯಾಚ್ ಆಡುತ್ತಾರಂತೆ ಎಂಬ ಸುದ್ದಿ ಬೇಕರಿಯಿಂದ ಹೊರಟು ನಮ್ಮ ಹೊಲದ ತನಕ ಬಂತು. ನಮ್ಮ ಕ್ಯಾಂಪುಗಳಿಂದ ಇಬ್ಬರಿಗೆ ಜಾಗವಿತ್ತು. ನಡುವೆ ನಿಂತು ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್ ಯಾರು ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಕ್ಯಾಂಪಿನ ಹೋಟೆಲಿನಲ್ಲಿ ನೂಡಲ್ಸ್ ಮಾಡುವ ಆ ಅಡುಗೆಯವನು ಬಾಗಿಲಿನಷ್ಟು ಎತ್ತರ. ನಿಂತಲ್ಲಿಂದ ಹೊರಡುವುದು ನಿಧಾನ, ಆದರೆ ಹೊರಟ ಮೇಲೆ ತಡೆಯುವುದು ಯಾರ ಕೈಲೂ ಆಗುತ್ತಿರಲಿಲ್ಲ. ಉಳಿದದ್ದು ರೈಟ್ ಔಟಿನ ಒಂದೇ ಜಾಗ. ಅದಕ್ಕೆ ನನ್ನ ಜೋಳದವನು, ಇಲ್ಲವೇ ಸ್ವೆಟರಿನವನು.

ಒಂದು ಸಂಜೆ ಜೋಳದವನು ಬದುವಿನ ಮೇಲೆ ಬಂದು ಕೂತ. ಎಂದಿನ ತಮಾಷೆ ಇರಲಿಲ್ಲ.

"ಅಣ್ಣ, ನಮ್ಮಪ್ಪ ನಡ್ಕೊಂಡು ಗುಡ್ಡ ದಾಟಿ ಬಂದೋನು. ಕಾಲಲ್ಲಿ ಸರ್‍ಯಾಗಿ ಚಪ್ಲಿನೂ ಇರ್ಲಿಲ್ವಂತೆ. ನಾನು ಬೂಟ್ ಆಕ್ಕೊಂಡು ನಮ್ ಬಾವುಟದ ಇಂದೆ ಸಾಲಾಗಿ ನಿಂತ್ಕೊಬೇಕು ಕಣಣ್ಣ. ಒಂದ್ಸಲ ಸಾಕು. ಅಪ್ಪ ಅದನ್ನ ಫೋಟೋದಾಗೆ ನೋಡ್ಬೇಕು."

"ನೀನೇ ಓಗದು ಕಣ್ಲಾ, ಇನ್ಯಾರು?" ಎಂದೆ. ಮನಸ್ಸಿನಿಂದಲೇ ಎಂದೆ. ನನ್ನನ್ನು ಅಷ್ಟು ಗೋಳಾಡಿಸಿದವನು ಬೇರೆ ಇರಲಿಲ್ಲ.

ತರಬೇತಿ ಕೊಡುತ್ತಿದ್ದವರು ಸೈನ್ಯದಲ್ಲಿದ್ದು ಬಂದ ಒಬ್ಬ ಹಿರಿಯರು. ಗಡಿಯಾರ ಹಿಡಿದು ಇಬ್ಬರನ್ನೂ ಓಡಿಸಿದರು, ಗುರಿ ಇಟ್ಟು ಒದೆಸಿದರು. ಓಟದಲ್ಲಿ ಜೋಳದವನು ಮುಂದೆ, ಒದೆಯುವುದರಲ್ಲಿ ಸ್ವೆಟರಿನವನು ಮುಂದೆ. ಎರಡು ಕ್ಯಾಂಪಿನ ಹಿರಿಯರೂ ತಮ್ಮ ತಮ್ಮ ಹುಡುಗನ ಪರವಾಗಿ ಪಟ್ಟು ಹಿಡಿದರು. ಟೀ ಕುಡಿದು ಕುಡಿದು ಸುಸ್ತಾದರೂ ತೀರ್ಮಾನವಾಗಲಿಲ್ಲ.

ನಾನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಸೊಪ್ಪು ಪೋಣಿಸುತ್ತ ಕೂತಿದ್ದಾಗ ಒಂದು ಮಧ್ಯಾಹ್ನ ಆ ತರಬೇತುದಾರರು ಸೈಕಲ್ಲಿನಲ್ಲಿ ಬಂದರು. ನೀರು ಕುಡಿದು ಸೀದಾ ವಿಷಯಕ್ಕೆ ಇಳಿದರು.

"ಇಬ್ಬರ ಎದುರಿಗೂ ವರ್ಷಗಟ್ಟಲೆ ಆಡಿರೋನು ನೀನೊಬ್ಬನೇ. ಹೊರಗಿನೋನು. ನೀನು ಹೇಳಿದ್ರೆ ಎರಡು ಕ್ಯಾಂಪಿನೋರೂ ಒಪ್ತಾರೆ, ಕೇಳ್ಕೊಂಡೇ ಬಂದಿದೀನಿ. ಯಾರನ್ನ ಕಳಿಸಲಿ?"

"ಒಬ್ಬ ನನ್ನ ಹೊಲದ ಪಕ್ಕದೋನು, ಅದು ಗೊತ್ತಾ ನಿಮ್ಗೆ?"

"ಗೊತ್ತು. ಆಟದ ವಿಷಯದಲ್ಲಿ ನೀನು ಸುಳ್ಳು ಹೇಳೋನಲ್ಲ, ಅದೂ ಗೊತ್ತು."

ಇಂಥ ಮಾತು ಕೇಳಿದರೆ ಯಾರ ಎದೆ ಉಬ್ಬುವುದಿಲ್ಲ? ನಾನು ಯೋಚನೆಯನ್ನೇ ಮಾಡದೆ, ಜೋಳದವನು ಎಂದೆ. ಯಾಕೆ ಎಂದರು. ಒಬ್ಬ ನನ್ನ ಸೊಂಟ ಮುರಿಯುತ್ತಾನೆ, ಇನ್ನೊಬ್ಬ ನನ್ನನ್ನು ದಾಟಿದ್ದೇ ಇಲ್ಲ, ಇದಕ್ಕಿಂತ ಸಾಕ್ಷಿ ಏನು ಬೇಕು ಎಂದೆ. ಅವರು ತಲೆಯಾಡಿಸಿದರು. ಸೈಕಲ್ ತಿರುಗಿಸುತ್ತ, ತಮ್ಮಷ್ಟಕ್ಕೇ ಎಂಬಂತೆ, "ನಡುವೆ ಅಡುಗೆಯೋನು ಗ್ಯಾರಂಟಿ. ಅವನ ಬಲಕ್ಕೆ ಯಾರು ಅನ್ನೋದೇ ತಲೆನೋವಾಗಿತ್ತು" ಅಂದರು.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

ನಮ್ಮಪ್ಪ ಎತ್ತಿನ ವಿಷಯದಲ್ಲಿ ಹೋಬಳಿಗೇ ಹೆಸರಾದವನು. ಮನೆಯಲ್ಲಿ ಒಂದು ಎತ್ತು ಉಳಿದು ಅದಕ್ಕೆ ಜೊತೆ ಬೇಕಾದಾಗ ಅವನು ದನದ ಸಂತೆಗೆ ಒಬ್ಬನೇ ಹೋಗುತ್ತಿರಲಿಲ್ಲ. ಮನೆಯ ಎತ್ತನ್ನೂ ಹೊಡೆದುಕೊಂಡು ಹೋಗುತ್ತಿದ್ದ. ಮಾರುವವನ ಎತ್ತು ಎಷ್ಟೇ ಚಂದವಿರಲಿ, ಕೊಂಬಿಗೆ ಎಷ್ಟೇ ಎಣ್ಣೆ ಸವರಿರಲಿ, ಅದನ್ನು ತನ್ನ ಎತ್ತಿನ ಪಕ್ಕ ನೊಗಕ್ಕೆ ಕಟ್ಟಿ ನಾಲ್ಕು ಹೆಜ್ಜೆ ನಡೆಸದೆ ಬೆಲೆಯ ಮಾತೇ ಆಡುತ್ತಿರಲಿಲ್ಲ. ಎರಡು ಎತ್ತನ್ನು ಎದುರು ಬದುರು ನಿಲ್ಲಿಸಿ ಯಾವುದು ಮೇಲು ಎಂದು ಕೇಳುವುದು ಅವನಿಗೆ ತಲೆಹರಟೆಯ ಕೆಲಸ. "ನೀನು ಎತ್ತು ನೋಡಾಕೆ ಬಂದಿದ್ದೀಯಾ, ಜೊತೆ ನೋಡಾಕೆ ಬಂದಿದ್ದೀಯಾ?" ಎಂದು ನನ್ನನ್ನು ಎಷ್ಟು ಸಲ ಗದರಿದ್ದನೋ. ನಮ್ಮ ಕಡೆ ಎಲ್ಲರೂ ಹೀಗೆಯೇ. ಜೊತೆಗೆ ಕಟ್ಟದೆ ಎತ್ತು ಕೊಂಡವನನ್ನು ವರ್ಷವಿಡೀ ಆಡಿಕೊಂಡು ನಗುತ್ತೇವೆ.

ನಾನು ಮಾಡುತ್ತಿದ್ದದ್ದು ಅದೇ ತಲೆಹರಟೆ. ಇಬ್ಬರು ರೈಟ್ ಔಟುಗಳನ್ನು ಎದುರು ಬದುರು ನಿಲ್ಲಿಸಿ ನೋಡಿದ್ದೆ. ಅದೂ ನನ್ನ ಸೊಂಟದ ಕಡೆಯಿಂದ.

"ನಿಲ್ಲಿ," ಎಂದು ಕೂಗಿದೆ. "ಈಗ ಏಳಿದ್ದು ವಾಪಸ್ ತಗೊಂಡಿದೀನಿ. ಈ ಭಾನುವಾರ ನಮ್ ಟೀಮ್ ಕರ್‍ಕಂಡು ಬತ್ತೀನಿ. ಅಡಿಗೆಯೋನು ನಡುವೆ ಇರ್ಲಿ. ಮೊದಲ್ನೇ ಅರ್ಧ ಒಬ್ಬ, ಎರಡ್ನೇ ಅರ್ಧ ಇನ್ನೊಬ್ಬ. ನಾನೇ ತಡೀತೀನಿ. ಆಮ್ಯಾಲೆ ಏಳ್ತೀನಿ."

ಭಾನುವಾರ ಎರಡೂ ಕ್ಯಾಂಪಿನವರು ಗೆರೆಯ ಸುತ್ತ ಕಿಕ್ಕಿರಿದಿದ್ದರು. ಮಳೆ ಬಿಟ್ಟು ನೆಲ ಹದವಾಗಿತ್ತು. ಮೊದಲ ಅರ್ಧ ಜೋಳದವನದು. ಅವನು ಅಂಥ ಆಟ ಆಡಿದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನನ್ನನ್ನು ದಾಟಿದ, ತಿರುಗಿ ಬಂದು ದಾಟಿದ. ನನ್ನ ಸಹಾಯಕ್ಕೆ ಬಂದ ಲೈನ್‌ಮನ್‌ನನ್ನೂ ದಾಟಿದ. ಮುದುಕಿಯರ ಚಪ್ಪಾಳೆ ನಿಲ್ಲಲೇ ಇಲ್ಲ. ಆದರೆ ಆ ದಿನ ನನ್ನ ಒಂದು ಕಣ್ಣು ಅಡುಗೆಯವನ ಮೇಲಿತ್ತು. ಜೋಳದವನಿಗೆ ಚೆಂಡು ಸಿಕ್ಕ ಕೂಡಲೇ ಆ ದೊಡ್ಡ ದೇಹ ಗೋಲಿನ ಕಡೆ ಹೊರಡುತ್ತಿತ್ತು. ವೇಗ ಹಿಡಿದು ಗೋಲಿನ ಮುಂದೆ ಮುಟ್ಟುವ ಹೊತ್ತಿಗೆ ಜೋಳದವನು ಇನ್ನೂ ನನ್ನ ಜೊತೆ ಆಡುತ್ತಿದ್ದ. ಅಡುಗೆಯವನು ನಿಂತುಬಿಡುತ್ತಿದ್ದ. ನಿಂತ ಮೇಲೆ ಅವನನ್ನು ಒತ್ತಿ ಹಿಡಿಯಲು ಮಂಡಿಯ ನಮ್ಮ ಹಮಾಲರಿಗೆ ಕಷ್ಟವೇನಿರಲಿಲ್ಲ. ಆಮೇಲೆ ಬಂದ ಚೆಂಡು ಅವನ ತಲೆಗೆ ಸಿಗಲಿಲ್ಲ.

ಎರಡನೆಯ ಅರ್ಧಕ್ಕೆ ಸ್ವೆಟರಿನವನು ಬಂದ. ನಾನು ಏದುಸಿರು ಬಿಡುತ್ತಿದ್ದವನು ಎದೆ ಸೆಟೆಸಿ ನಿಂತೆ. ಎಂದಿನ ಹಾಗೆ ಅವನು ನನ್ನಿಂದ ದೂರವೇ ಉಳಿದ. ಚೆಂಡು ಬಂತು, ನಾನು ನುಗ್ಗಿದೆ, ಅವನು ಸುಮ್ಮನೆ ಒಂದು ಸಲ ಕಾಲೆತ್ತಿದ. ಮತ್ತೆ ಇವನನ್ನು ತಡೆದೆ ಎಂದುಕೊಂಡು ತಿರುಗಿ ನೋಡಿದರೆ ಅಡುಗೆಯವನು ಓಡುತ್ತಿದ್ದ ವೇಗದಲ್ಲೇ ತಲೆ ಕೊಟ್ಟಾಗಿತ್ತು. ಚೆಂಡು ಬಲೆಯಲ್ಲಿತ್ತು. ಹಮಾಲರು ಇನ್ನೂ ತಿರುಗುತ್ತಿದ್ದರು.

ನಾನು ಹಮಾಲರನ್ನು ಬಾಯಿಗೆ ಬಂದಂತೆ ಬೈದೆ. ಸ್ವಲ್ಪ ಹೊತ್ತಿಗೆ ಅಂಥದ್ದೇ ಇನ್ನೊಂದು ಗೋಲು. ಮತ್ತೆ ಬೈಯಲು ಬಾಯಿ ತೆರೆದಾಗ ನಮ್ಮ ಗೋಲಿ, ಬೇಕರಿಯ ಮಲಯಾಳಿ, ಬಲೆಯಿಂದ ಚೆಂಡು ಬಿಡಿಸಿಕೊಂಡು ನನ್ನ ಹತ್ತಿರ ಬಂದ.

"ಚೇಟಾ, ಅವನು ನಿನ್ನ ದಾಟಿಲ್ಲ, ಸರಿ. ಚೆಂಡು ದಾಟ್ತಾ ಉಂಟಲ್ಲ?"

ಹಮಾಲರನ್ನು ಬೈಯುವುದು ಅಲ್ಲಿಗೆ ಮುಗಿಯಿತು. ಜಂಬ ಕೊಚ್ಚಿಕೊಂಡು ಮನೆಗೆ ಬಂದಿದ್ದ ಭಾನುವಾರಗಳನ್ನೆಲ್ಲ ನೆನೆದೆ. ಆ ಭಾನುವಾರಗಳಲ್ಲಿ ನಾವು ಸೋತಿದ್ದೆವು. ಸೊಂಟ ಮುರಿಸಿಕೊಂಡ ಎಷ್ಟೋ ದಿನ ನಾವು ಗೆದ್ದದ್ದೂ ಇತ್ತು. ನಾನು ಯಾರನ್ನೂ ಜೇಬಿನಲ್ಲಿ ಇಟ್ಟುಕೊಂಡಿರಲಿಲ್ಲ. ಉಸಿರು ಸಾಲದ ಆ ಹುಡುಗ ನನ್ನನ್ನು ದಾಟುವ ಶ್ರಮವನ್ನೇ ಬೇಡವೆಂದು ಬಿಟ್ಟಿದ್ದ. ಮೈದಾನದ ನಡುವೆ ನಿಂತು ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಹಮಾಲರು ನನಗೆ ಬಿಸಿಲು ತಗುಲಿದೆ ಎಂದುಕೊಂಡರು.

ಆಟ ಮುಗಿದ ಮೇಲೆ ಮರದ ಕೆಳಗೆ ಹಿರಿಯರು ಕೂತರು. ಉಪ್ಪು ಹಾಕಿದ ಬೆಣ್ಣೆ ಟೀ ಬಂತು. ನನಗೆ ಅದು ಎಂದೂ ಸೇರಿದ್ದಲ್ಲ, ಆದರೂ ಲೋಟ ಹಿಡಿದೆ. ಸ್ವೆಟರಿನವನು ದೂರದಲ್ಲಿ ತಾಯಿಯ ಪಕ್ಕ ನಿಂತಿದ್ದ. ಜೋಳದವನು ನನ್ನ ಎದುರಿಗೇ ಹುಲ್ಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ. ಮುಖದಲ್ಲಿ ಗೆಲುವಿತ್ತು. ಅಷ್ಟು ಚೆನ್ನಾಗಿ ಆಡಿದವನಿಗೆ ಇರಲೇಬೇಕಲ್ಲ. ಅವನ ಅಪ್ಪ ಮಗನ ಹಿಂದೆ ಕುರ್ಚಿಯಲ್ಲಿ ಕೂತಿದ್ದ.

ಜೋಳದವನ ಹೆಸರು ಹೇಳಿಬಿಡಬೇಕೆಂಬ ಆಸೆ ನನಗೂ ಆಯಿತು. ಹೇಳಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ, ನಾನೇ ಮೊದಲು ಅವನ ಪರವಾಗಿದ್ದೆನಲ್ಲ. ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನುವುದು ನನ್ನ ಕೈಲಾಗುವ ಕೆಲಸವಲ್ಲ.

"ಸ್ವೆಟರ್ ಮಾರೋರ ಹುಡುಗನ್ನ ಕಳ್ಸಿ," ಎಂದೆ. "ಇಬ್ರಲ್ಲಿ ತಡಿಯಾಕೆ ಕಷ್ಟದೋನು ಇವನೇ, ನನ್ನ ಪಕ್ಕದೋನು. ಅನುಮಾನ ಬ್ಯಾಡ. ಆದ್ರೆ ಅಡಿಗೆಯೋನಿಗೆ ಜೊತೆ ಆಗೋನು ಅವನು. ಇವನ ಜೊತೆ ಆಡುದ್ರೆ ಅಡಿಗೆಯೋನು ನಿಂತೋಯ್ತಾನೆ. ಅವನ ಜೊತೆ ಆಡುದ್ರೆ ಓಡ್ತಾನೆ."

ಜೋಳದವನ ಕ್ಯಾಂಪಿನ ಹಿರಿಯರೊಬ್ಬರು ಎದ್ದು ನಿಂತರು. ಅವನ ನೀರು ಹಾಯಿಸಿಕೊಂಡು ಅವನಿಗೇ ಹೀಗೆ ಮಾಡಿದೆಯಾ ಎಂದರು. ನನಗೆ ರೇಗಿತು.

"ನೀರಿನ ಋಣ ತೀರ್ಸಾಕೆ ಇರೋ ಟೀಮಲ್ಲ ಕಣ್ರೀ ಇದು. ನಿಮ್ ದೇಶದ್ದು. ನನ್ನ ಕೇಳುದ್ರಿ, ಏಳಿದೀನಿ. ಬ್ಯಾಡ ಅಂದ್ರೆ ಬುಡಿ."

ತರಬೇತುದಾರರು ನನ್ನ ಭುಜ ಮುಟ್ಟಿ ಎದ್ದರು. ಜೋಳದವನು ಬಿಚ್ಚಿದ ಬೂಟುಗಳ ಲೇಸು ಒಂದಕ್ಕೊಂದು ಗಂಟು ಹಾಕಿ ಹೆಗಲ ಮೇಲೆ ಹಾಕಿಕೊಂಡು, ಬರಿಗಾಲಲ್ಲೇ ಅಪ್ಪನ ಜೊತೆ ನಡೆದು ಹೋದ. ಅಪ್ಪ ಮಗ ಇಬ್ಬರೂ ತಿರುಗಿ ನೋಡಲಿಲ್ಲ. ಅವನನ್ನು ಕೂಗಿ ಕರೆಯಬೇಕೆನಿಸಿತು. ತೀರ್ಪಿನ ಬಗ್ಗೆ ಮಾತ್ರ ಅನುಮಾನ ಬರಲಿಲ್ಲ.

ಆಮೇಲೆ ಹಲವು ದಿನ ಅವನು ಬದುವಿನ ಹತ್ತಿರ ಬರಲಿಲ್ಲ. ಜೋಳ ಮುರಿಯುವುದು ಕಾಣುತ್ತಿತ್ತು, ಅವನು ಕಾಣುತ್ತಿರಲಿಲ್ಲ. ಮುದ್ದೆ ಹೊತ್ತಿಗೆ ಅವ್ವ ಬಾಗಿಲ ಕಡೆ ನೋಡಿ ನನ್ನ ಕಡೆ ನೋಡುತ್ತಿದ್ದಳು. ಆದರೂ ಸಂಜೆ ನನ್ನ ಮಡಿಗೆ ಅವನ ನೀರು ಹರಿದು ಬರುವುದು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಹುಡುಗರು ಹೊರಡುವ ದಿನ ಬೈಲಕುಪ್ಪೆಯಲ್ಲಿ ಬಸ್ಸಿನ ಸುತ್ತ ಜನವೋ ಜನ. ನಾನೂ ನನ್ನ ಲೂನಾ ಹತ್ತಿ ಹೋದೆ. ಆ ವರ್ಷ ಸ್ವೆಟರಿನ ಮೂಟೆಗಳ ಜೊತೆ ತಾಯಿಯೊಬ್ಬಳೇ ಹೋಗಬೇಕಿತ್ತು. ಅದಕ್ಕೆ ಅವಳಿಗೆ ಬೇಸರವಿದ್ದಂತೆ ಕಾಣಲಿಲ್ಲ. ದೂರ ಹೊರಟವರ ಕೊರಳಿಗೆ ಬಿಳಿ ಶಾಲು ಹಾಕುವುದು ಅವರ ಪದ್ಧತಿ. ಅಡುಗೆಯವನಿಗೂ ಸ್ವೆಟರಿನವನಿಗೂ ಮುಖ ಮುಚ್ಚುವಷ್ಟು ಶಾಲುಗಳು ಬಿದ್ದಿದ್ದವು. ಜನರ ನಡುವಿನಿಂದ ಜೋಳದವನು ಬಂದ. ತನ್ನ ಜಾಗಕ್ಕೆ ಹೊರಟವನ ಕೊರಳಿಗೆ ಶಾಲು ಹಾಕಿದ. ಹಣೆಗೆ ಹಣೆ ತಾಗಿಸಿದ. ಆಮೇಲೆ ಅಂಗಿಯೊಳಗಿನಿಂದ ಇನ್ನೊಂದು ಶಾಲು ತೆಗೆದು ನೇರ ನನ್ನ ಹತ್ತಿರ ಬಂದು ನನ್ನ ಕೊರಳಿಗೂ ಹಾಕಿದ.

"ನಂಗ್ಯಾಕ್ಲಾ? ನಾನೆಲ್ಲಿಗೂ ಓಯ್ತಿಲ್ವಲ್ಲ," ಎಂದೆ.

"ಆರ್ಸಿದೋನಿಗೂ ಆಕ್ಬೇಕು," ಎಂದ.

ವಾಪಸು ಬರುವಾಗ ಅವನು ನನ್ನ ಲೂನಾದ ಹಿಂದೆ ಕೂತಿದ್ದ. ದಾರಿಯ ಎರಡೂ ಬದಿಗೆ ಜೋಳ ಒಣಗಲು ಹರಡಿದ್ದರು. ಮೌನ ನನಗೆ ಆಗದ ವಸ್ತು. ಏನಾದರೂ ಸಮಾಧಾನ ಹೇಳಬೇಕೆನಿಸಿತು.

"ಬುಡ್ಲಾ. ನಾನೂ ಯಾವ ದೇಶಕ್ಕೂ ಆಡಿಲ್ಲ. ಬದುಕಿಲ್ವಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬರಿಯ ಇದ್ದದ್ದನ್ನು ಹೇಳುವ ದನಿ.

"ನೀನು ಆಡ್ದಿದ್ರೂ ನಿಂಗೊಂದು ದೇಶ ಐತೆ ಕಣಣ್ಣ."

ಬದುವಿನ ಹತ್ತಿರ ಅವನನ್ನು ಇಳಿಸಿದೆ. ಇಳಿದವನು ತನ್ನ ಮನೆಯ ಕಡೆ ಹೋಗದೆ, ಅವ್ವ ಏನು ಮಾಡಿದ್ದಾಳೆ ಎಂದು ಕೇಳಿದ. ಉಪ್ಪೆಸರು ಎಂದೆ. ನನ್ನ ಜೊತೆ ಬಂದು ಉಂಡು ಹೋದ.

ಮುಂದಿನ ಭಾನುವಾರ ಕ್ಯಾಂಪಿನ ಟೀಮಿನಲ್ಲಿ ಅಡುಗೆಯವನಿರಲಿಲ್ಲ, ಸ್ವೆಟರಿನವನಿರಲಿಲ್ಲ. ಬಲಬದಿಯ ಗೆರೆಯ ಮೇಲೆ ಜೋಳದವನು ನಿಂತಿದ್ದ. ಇವತ್ತು ಒಂದೆರಡು ಸಲ ಬಿಟ್ಟುಕೊಡು ಎಂದು ಬೇಕರಿಯವನು ನನ್ನ ಕಿವಿಯಲ್ಲಿ ಹೇಳಿದ. ತಲೆ ಕೆಟ್ಟಿದೆಯಾ ಎಂದೆ. ಚೆಂಡು ಅವನ ಕಾಲಿಗೆ ಬಂತು. ಮೈಯಲ್ಲಿದ್ದ ಬಲವನ್ನೆಲ್ಲ ಕೂಡಿಸಿಕೊಂಡು ನುಗ್ಗಿದೆ. ಅವನು ಎಡಕ್ಕೆ ಬಾಗಿದ ಹಾಗೆ ಮಾಡಿ ಬಲಕ್ಕೆ ಹಾರಿ ಹೋದ. ನಾನು ನೆಲಕ್ಕೆ ಬಿದ್ದಿದ್ದೆ. ನಾನು ಬಿಟ್ಟುಕೊಟ್ಟಿರಲಿಲ್ಲ, ಅದು ಅವನಿಗೂ ಗೊತ್ತಿತ್ತು.